ಖಡಿ ರಾಶಿಯ ಆಚೆ ಕೇಳದ ಕೂಗು

೧೯೭೯ರಲ್ಲಿ ನಾನು ಧ್ವನಿವರ್ಧಕ ತಯಾರಿಸುವ ಒಂದು ಕಂಪನಿಯ ಸರ್ವಿಸ್ ಇಂಜಿನಿಯರ್ ಆಗಿ ಬಿಜಾಪುರದಲ್ಲಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ನಮ್ಮ ಹಾರ್ನುಗಳು ಎಲ್ಲೆಲ್ಲಿ ಇದ್ದವೋ ಅಲ್ಲಿಗೆಲ್ಲ ಹೋಗಿ ನೋಡಿ ಬರುವುದು ನನ್ನ ಕೆಲಸ. ಕೈಯಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ಮೀಟರ್, ಸ್ಪ್ಯಾನರ್, ಬೆಸುಗೆ ಕಡ್ಡಿ. ಉಳಿದದ್ದು ಬಸ್ ಪ್ರಯಾಣ.

ಆ ವರ್ಷವೆಲ್ಲ ಒಂದೇ ತಕರಾರು. ಹಾರ್ನಿನ ಹಿಂಬದಿಯ ಡಬ್ಬಿಯನ್ನು ಡ್ರೈವರ್ ಯೂನಿಟ್ ಎನ್ನುತ್ತಾರೆ. ಅದರೊಳಗೊಂದು ಮ್ಯಾಗ್ನೆಟ್. ಮ್ಯಾಗ್ನೆಟ್ಟಿನ ಕಿರಿದಾದ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿಕೊಂಡ ಡಯಾಫ್ರಮ್ ಎಂಬ ತೆಳು ಪೊರೆ. ಮ್ಯಾಗ್ನೆಟ್ ಬಲವಾಗಿದ್ದಷ್ಟೂ ಪೊರೆ ಜೋರಾಗಿ ಅದುರುತ್ತದೆ, ದನಿ ದೂರ ಹೋಗುತ್ತದೆ. ಅಲ್ಲಿಯವರೆಗೆ ನಾವು ಬಳಸುತ್ತಿದ್ದುದು ಅಲ್ನಿಕೊ, ಅಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಲೋಹ. ಕೋಬಾಲ್ಟ್ ತುಟ್ಟಿಯಾದ ಮೇಲೆ ಕಂಪನಿ ಫೆರೈಟಿಗೆ ಬದಲಾಯಿಸಿತು. ಫೆರೈಟ್ ಎಂದರೆ ಪುಡಿಯನ್ನು ಒತ್ತಿ, ಮಡಕೆಯಂತೆ ಸುಟ್ಟು ಮಾಡಿದ ಕಪ್ಪು ಬಿಲ್ಲೆ. ಲೋಹದ ಹೊಳಪಿಲ್ಲ, ಕೈಜಾರಿ ಬಿದ್ದರೆ ಒಡೆಯುತ್ತದೆ. ಜನ ಅದನ್ನು ನಂಬಲಿಲ್ಲ. ಇಂಡಿಯ ಅಂಗಡಿಯವರೊಬ್ಬರು ಅದನ್ನು ಕೈಯಲ್ಲಿ ಹಿಡಿದು, “ಸಾಹೇಬ್ರ, ಮ್ಯಾಗ್ನೆಟ್ ಅಂತ ಕೇಳಿದ್ರ ಕರೇ ಕಲ್ಲ ಕೊಟ್ಟೀರಲ್ರಿ. ಇದರ ಮ್ಯಾಲ ಚಟ್ನಿ ಅರಿಯೂಣೇನ್ರಿ?” ಎಂದಿದ್ದರು.

ದಸರೆ, ಅದರ ಖಂಡೇನವಮಿಯ ಆಯುಧಪೂಜೆ, ಮುಗಿದು ಕೆಲವು ವಾರಗಳಾಗಿದ್ದವು. ನಿಡಗುಂದಿಯಿಂದ ಮುದ್ದೇಬಿಹಾಳದ ಕಡೆಗಿದ್ದ ಒಂದು ಕಲ್ಲುಗಣಿಯಿಂದ ಕರೆ ಬಂತು. ಗಣಿಯ ಸುತ್ತ ನಾಲ್ಕು ಕಂಬ, ನಾಲ್ಕು ಹಾರ್ನು. ಪೂರ್ವದ ಎರಡರಲ್ಲಿ ಹಳೆಯ ಅಲ್ನಿಕೊ ಯೂನಿಟ್, ಪಶ್ಚಿಮದ ಎರಡರಲ್ಲಿ ಹೊಸ ಫೆರೈಟ್. ಮಧ್ಯಾಹ್ನ ಬಂಡೆ ಸಿಡಿಸುವ ಮದ್ದು ಹಾರಿಸುವ ಮುಂಚೆ ಕೆಂಪು ಬಾವುಟ ಏರಿಸಿ, ಮೈಕಿನಲ್ಲಿ ಮೂರು ಸಲ ಕೂಗಿ ಎಚ್ಚರಿಸುವುದು ಅಲ್ಲಿಯ ಕ್ರಮ. ಮೇಲ್ವಿಚಾರಣೆ ನೋಡುವ ಮುಕಾದಮ ಬಸಲಿಂಗಪ್ಪನವರಿಗೆ ಫೆರೈಟ್ ಯೂನಿಟ್‌ಗಳನ್ನು ವಾಪಸ್ ಮಾಡಬೇಕಾಗಿತ್ತು. “ಕೆಲಸಗಾರರು ದನಿ ಕೇಳವಲ್ದು ಅನ್ನಾಕತ್ತಾರ್ರಿ. ಈ ಕರೇ ಕಲ್ಲ ತಗೊಂಡ ಹೋಗಿಬಿಡ್ರಿ,” ಎಂದರು.

ಮೈಕ್ ನೋಡಿಕೊಳ್ಳುತ್ತಿದ್ದವನು ಗುರಪ್ಪ. ಆ ವರ್ಷವೇ ಕೆಲಸಕ್ಕೆ ಸೇರಿದವನು. ಹೊತ್ತಾದಾಗ ನಾನು ಅವನ ಪಕ್ಕದಲ್ಲೇ, ಆಂಪ್ಲಿಫೈಯರಿನ ಬಳಿ ನಿಂತಿದ್ದೆ. ಬಾವುಟ ಏರಿತು. ಅವನು ಮೂರು ಸಲ ಕೂಗಿದ. ಕೊನೆಗೆ ಮೈಕಿನಲ್ಲೇ ನಗುತ್ತ, “ಹುಸೇನಣ್ಣಾ, ರೊಟ್ಟಿ ಆಮ್ಯಾಲ ತಿನ್ನು, ಏಳೋ!” ಎಂದ. ಹುಸೇನಸಾಬ ಕಲ್ಲೊಡೆಯುವ ಹಿರಿಯ ಕೆಲಸಗಾರ, ಗುರಪ್ಪನ ಓಣಿಯವನೇ. ಇದು ಅವರಿಬ್ಬರ ದಿನದ ಹಾಸ್ಯವಂತೆ. ದನಿ ನನಗೆ ಸ್ಪಷ್ಟವಾಗಿ, ಜೋರಾಗಿ ಕೇಳಿತು. ಮದ್ದು ಹಾರಿತು.

ಧೂಳು ಇಳಿದಾಗ ಪೂರ್ವದ ಕಡೆಯಿಂದ ಯಾರೋ ಓಡಿಬರುತ್ತಿದ್ದರು. ಒಡೆದ ಕಲ್ಲಿನ, ಅಲ್ಲಿಯವರ ಮಾತಿನಲ್ಲಿ ಖಡಿಯ, ದೊಡ್ಡ ರಾಶಿಯೊಂದು ಆ ಕಡೆಗಿತ್ತು. ಅದರ ಹಿಂದಿನ ನೆರಳಿನಲ್ಲಿ ಹುಸೇನಸಾಬ ಬುತ್ತಿ ಬಿಚ್ಚಿ ಕುಳಿತಿದ್ದ. ಅಲ್ಲಿಂದ ಬಾವುಟ ಕಾಣುತ್ತಿರಲಿಲ್ಲ. ಕಲ್ಲು ಕೊರೆಯಲು ಗಾಳಿ ಒತ್ತುವ ಕಂಪ್ರೆಸರ್ ಅಂದೇ ಹತ್ತಿರಕ್ಕೆ ಬಂದಿತ್ತು, ಜೋರಾಗಿ ಓಡುತ್ತಿತ್ತು. ಹಾರಿಬಂದ ಕಲ್ಲು ಅವನ ಮೊಣಕಾಲಿನ ಮೇಲೆ ಬಿದ್ದಿತ್ತು. ಅವನನ್ನು ಟ್ರಕ್ಕಿಗೆ ಎತ್ತಿದವರಲ್ಲಿ ನಾನೂ ಒಬ್ಬ. ಅವನ ಬುತ್ತಿಯ ಬಟ್ಟೆ ನನ್ನ ಕೈಯಲ್ಲೇ ಉಳಿದಿತ್ತು. ಅದು ನನ್ನ ಗಮನಕ್ಕೆ ಬಂದದ್ದು ಬಹಳ ಹೊತ್ತಿನ ಮೇಲೆ.

ಬಾಗೇವಾಡಿಯ ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ಹುಸೇನಸಾಬ ಹೇಳಿದ್ದು ಒಂದೇ ಮಾತು: “ಗುರ್ಯಾ ಕೂಗಲಿಲ್ರಿ. ಕೂಗಿದ್ರ ನನ್ನ ರೊಟ್ಟಿ ಮಾತ ಬರತಿತ್ತು. ನಾ ಏಳತಿದ್ದೆ.” ಪೂರ್ವದ ಕಡೆ ಕೆಲಸ ಮಾಡುತ್ತಿದ್ದವರು, ತಾವು ಬಾವುಟ ನೋಡಿ ಸರಿದದ್ದು, ಕೂಗು ಕೇಳಲಿಲ್ಲ ಎಂದರು. ಅಂದು ಪಶ್ಚಿಮದ ಕಡೆ ಕೆಲಸವಿರಲಿಲ್ಲ, ಮುಕಾದಮರೂ ಪೂರ್ವದಲ್ಲೇ ಇದ್ದರು. ಗುರಪ್ಪ ಕೂಗಿದ್ದನ್ನು ನಾನು ಕೇಳಿದೆ ಎಂದೆ. ಮುಕಾದಮರು, “ನೀವ ಕಂಪನಿ ಮಂದಿ. ಅವ ನಿಮ್ಮ ಜೋಡಿ ಹರಟಿ ಹೊಡಕೋತ ನಿಂತಿದ್ದ,” ಎಂದರು. ಗುರಪ್ಪನ ಮೇಲೆ ಕೇಸು ಹಾಕುವುದು ಬಹುಮಟ್ಟಿಗೆ ನಿಶ್ಚಯವಾಗಿತ್ತು. ಅವನು ಮಾತ್ರ ಕೇಸಿನ ಮಾತೇ ಆಡಲಿಲ್ಲ. “ಹುಸೇನಣ್ಣ ನಾ ಕೂಗಿಲ್ಲ ಅಂತಾನಲ್ರಿ,” ಎಂದಷ್ಟೇ ಅನ್ನುತ್ತಿದ್ದ.

ಮರುದಿನ ಬೆಳಿಗ್ಗೆ ಪರೀಕ್ಷೆ ಮಾಡೋಣ ಎಂದೆ. ಪೂರ್ವದ ಒಂದೇ ಕಂಬ, ಒಂದೇ ಹಾರ್ನು, ಅದೇ ಆಂಪ್ಲಿಫೈಯರ್, ಅದೇ ಗುರಪ್ಪನ ದನಿ. ಯೂನಿಟ್ ಮಾತ್ರ ಬದಲಾಯಿಸುವುದು. ಕೇಳುವವರು ಮುಕಾದಮರೇ. ಕಂಪ್ರೆಸರ್ ಓಡಿಸಿ ಅವರನ್ನು ಖಡಿ ರಾಶಿಯ ಹಿಂದೆ ಕೂರಿಸಿದೆವು. ಮೊದಲು ಫೆರೈಟ್. ಅವರು ರಾಶಿಯ ಮೇಲೆ ಕೈ ಎತ್ತಿ, ಕೇಳಿತು ಎಂದು ತೋರಿಸಿದರು. ಆಮೇಲೆ ಆ ಕಂಬದ್ದೇ ಹಳೆಯ ಅಲ್ನಿಕೊ. ಗುರಪ್ಪ ಮೂರು ಸಲ ಕೂಗಿ ಮೈಕ್ ಇಟ್ಟ. ಕೈ ಮೇಲೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮುಕಾದಮರೇ ಸಿಟ್ಟಿನಿಂದ ಎದ್ದು ಬಂದರು.

“ಎಷ್ಟೊತ್ತ ಕುಂದ್ರಸ್ತೀರಿ? ಇನ್ನೂ ಹಚ್ಚಿಲ್ಲೇನ್ರಿ?”

“ಕೂಗಿ ಮುಗೀತ್ರಿ,” ಎಂದ ಗುರಪ್ಪ.

ಅವರು ಒಮ್ಮೆ ಅವನ ಮುಖ, ಒಮ್ಮೆ ಖಡಿ ರಾಶಿಯ ಕಡೆ ನೋಡಿದರು.

ಎರಡು ಯೂನಿಟ್‌ಗಳ ಡಯಾಫ್ರಮ್ ಅದಲುಬದಲು ಮಾಡಿ ಮತ್ತೆ ಪರೀಕ್ಷಿಸಿದೆ. ಫಲ ಅದೇ. ತಪ್ಪು ಮ್ಯಾಗ್ನೆಟ್ಟಿನದು, ಅದೂ ಎಲ್ಲರೂ ನಂಬಿದ್ದ ಹಳೆಯ ಮ್ಯಾಗ್ನೆಟ್ಟಿನದು. ಡಬ್ಬಿ ತಿರುಗಿಸಿದಾಗ ಹಿಂಬದಿಯ ಸ್ಕ್ರೂಗಳ ತಲೆಯ ಮೇಲೆ ಹೊಸ ಗೀರುಗಳಿದ್ದವು. ಯಾರು ಬಿಚ್ಚಿದ್ದು ಎಂದು ಕೇಳಿದೆ.

“ನಾನ ರೀ,” ಎಂದ ಗುರಪ್ಪ, ಸ್ವಲ್ಪ ಹೆಮ್ಮೆಯಿಂದಲೇ. “ಖಂಡೇನವಮಿಗೆ ನಾಲ್ಕೂ ಯೂನಿಟ್ ಪೂರಾ ಬಿಚ್ಚಿ, ಮ್ಯಾಗ್ನೆಟ್ ಹೊರಗ ತಗದು, ಚಿಮಣಿ ಎಣ್ಣ್ಯಾಗ ತೊಳದು, ಇಬತ್ತಿ ಹಚ್ಚಿ, ಪೂಜಿ ಮಾಡಿ ಜೋಡಿಸೀನ್ರಿ. ಮೊದಲ ಇದ್ದಾವ ಬರೇ ಹೊರಗಿಂದ ಹೂವ ಏರಸ್ತಿದ್ದ. ಅದು ಪೂಜಿ ಏನ್ರಿ?”

ಅಲ್ನಿಕೊದ ಗುಣವೊಂದಿದೆ. ಅದಕ್ಕೆ ಬಲ ತುಂಬುವುದು ಕಬ್ಬಿಣದ ಕವಚದೊಳಗೆ ಕೂರಿಸಿದ ಮೇಲೆ. ಕವಚದಿಂದ ಒಮ್ಮೆ ಹೊರತೆಗೆದರೆ ಆ ಬಲದ ದೊಡ್ಡ ಪಾಲು ಹೋಗಿಬಿಡುತ್ತದೆ. ಮತ್ತೆ ಒಳಗಿಟ್ಟರೆ ಬರುವುದಿಲ್ಲ. ಕಾರ್ಖಾನೆಗೆ ಕಳಿಸಿ ಹೊಸದಾಗಿ ತುಂಬಿಸಬೇಕು. ಫೆರೈಟ್ ಹಾಗಲ್ಲ. ಬಿಚ್ಚಿ ಜೋಡಿಸಿದರೂ ಬಹುಮಟ್ಟಿಗೆ ತನ್ನ ಬಲ ಬಿಡುವುದಿಲ್ಲ. ಅದೇ ದಿನ, ಅದೇ ಸೀಮೆಎಣ್ಣೆಯಲ್ಲಿ ತೊಳೆದ ಕರಿ ಬಿಲ್ಲೆಗಳು ಹಾಗೆಯೇ ಉಳಿದಿದ್ದವು. ಗುರಪ್ಪ ಜೋಡಿಸುವ ಮುಂಚೆ ನೋಡಿಯೂ ಇದ್ದ: ಅಲ್ನಿಕೊಗೆ ಸ್ಪ್ಯಾನರ್ ಹಿಡಿದರೆ ಟಪ್ಪೆಂದು ಅಂಟಿಕೊಂಡಿತ್ತು. ನಾನು ಹಿಡಿದಾಗಲೂ ಅಂಟಿಕೊಂಡಿತು. ಅರ್ಧ ಸೋತ ಮ್ಯಾಗ್ನೆಟ್ಟಿಗೂ ಕಬ್ಬಿಣ ಅಂಟುತ್ತದೆ.

ಇದನ್ನೆಲ್ಲ ವಿವರಿಸಿದಾಗ ಅವನು ಕಂಬಕ್ಕೆ ಒರಗಿ ಕುಳಿತ. “ಅಂದ್ರ ಕೂಗಿದಾಂವನೂ ನಾನ, ಕೇಳಧಂಗ ಮಾಡಿದಾಂವನೂ ನಾನ ಆದ್ನೆಲ್ರಿ,” ಎಂದ. ಬಿಚ್ಚಬಾರದೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಯೂನಿಟ್ಟಿನ ಮೇಲೂ ಬರೆದಿರಲಿಲ್ಲ.

ಅಂದೇ ಮೂವರೂ ಬಾಗೇವಾಡಿಗೆ ಹೋದೆವು. ಹುಸೇನಸಾಬನಿಗೆ ಕಾಲು ಉಳಿದಿತ್ತು, ಮಂಡಿ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗುರಪ್ಪನನ್ನು ನೋಡಿ ಅವನು ಗೋಡೆಯ ಕಡೆ ಹೊರಳಿದ. ನಡೆದದ್ದನ್ನು ಮುಕಾದಮರೇ ಹೇಳಿದರು, ತಾವು ರಾಶಿಯ ಹಿಂದೆ ಕುಳಿತದ್ದನ್ನೂ ಸೇರಿಸಿ. ಗುರಪ್ಪ ತೊಳೆದದ್ದನ್ನು ಗುರಪ್ಪನೇ ಹೇಳಿದ.

“ಏನಂದಿ ಅವತ್ತ?” ಹುಸೇನಸಾಬ ಗೋಡೆಗೆ ಮುಖ ಮಾಡಿಯೇ ಕೇಳಿದ.

ಗುರಪ್ಪ ಮಂಚದ ಹತ್ತಿರ ಸರಿದ. ಹೇಳಿದ: “ಹುಸೇನಣ್ಣಾ, ರೊಟ್ಟಿ ಆಮ್ಯಾಲ ತಿನ್ನು, ಏಳೋ, ಅಂದೆ.”

ಹುಸೇನಸಾಬ ತಲೆ ತಿರುಗಿಸಿದ. “ಹಾಂ. ಈಗ ಕೇಳಿಸ್ತ ನೋಡು.” ಆಮೇಲೆ, “ಮುಂದಿನ ಖಂಡೇನವಮಿಗೆ ಹೊರಗಿಂದನ ಊದಿನಕಡ್ಡಿ ಬೆಳಗಪಾ, ದೊಡ್ಡ ಭಕ್ತಾ,” ಎಂದ. ಪೊಲೀಸರ ಮುಂದೆ ತನ್ನ ಹೇಳಿಕೆಯನ್ನು ತಾನೇ ತಿದ್ದಿಸಿದ.

ಆಮೇಲಿನ ದಿನಗಳಲ್ಲಿ ನಾಲ್ಕೂ ತಾಲ್ಲೂಕು ಸುತ್ತಿ, ನಮ್ಮ ಅಲ್ನಿಕೊ ಯೂನಿಟ್‌ಗಳ ಮೇಲೆಲ್ಲ ಕೆಂಪು ಬಣ್ಣದಲ್ಲಿ ‘ಬಿಚ್ಚಬೇಡಿ’ ಎಂದು ಬರೆದೆ. ನನ್ನ ಕೆಲಸದ ರೀತಿಯೂ ಬದಲಾಯಿತು. ಅಂದು ಆಂಪ್ಲಿಫೈಯರಿನ ಪಕ್ಕ ನಿಂತಿದ್ದ ನನಗೆ ಎಲ್ಲವೂ ಸರಿಯಾಗಿಯೇ ಕೇಳಿತ್ತು. ಯಾರು ಕೇಳಿದ್ದರೂ ಹಾರ್ನುಗಳು ಚೆನ್ನಾಗಿವೆ ಎಂದೇ ಹೇಳುತ್ತಿದ್ದೆ. ನಿವೃತ್ತನಾಗುವವರೆಗೂ, ಎಲ್ಲಿ ಹಾರ್ನು ಹಚ್ಚಿದರೂ, ಮೈಕನ್ನು ಬೇರೆಯವರ ಕೈಗೆ ಕೊಟ್ಟು, ಅಲ್ಲಿ ಎಲ್ಲರಿಗಿಂತ ದೂರದಲ್ಲಿ ಬುತ್ತಿ ಬಿಚ್ಚುವವನು ಎಲ್ಲಿ ಕೂರುತ್ತಾನೆಂದು ಕೇಳಿಕೊಂಡು, ಅಲ್ಲಿಗೆ ಹೋಗಿ ಕುಳಿತು ಕೇಳುತ್ತಿದ್ದೆ.