ಗೌರಮ್ಮನವರ ಕಿವಿಗೆ ಹಾಕಿದ ಮಂತ್ರದ ಕುರಿತು

ಎರಡು ವರ್ಷಗಳ ಹಿಂದಿನ ನವೆಂಬರ್ ತಿಂಗಳಿನಲ್ಲಿ ನಾನು ಗಾಜಿಯಾಬಾದಿನ ಒಂದು ಖಾಸಗಿ ಆಸ್ಪತ್ರೆಯ ಶ್ವಾಸಕೋಶ ವಿಭಾಗದಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿ ಕಾರ್ಯನಿರ್ವಹಿಸುತ್ತಿದ್ದೆ. ಸದರಿ ಅವಧಿಯಲ್ಲಿ ನಡೆದ ಒಂದು ಪ್ರಕರಣವನ್ನು ಓದುಗರ ಗಮನಕ್ಕೆ ತರುವುದು ಈ ಬರಹದ ಉದ್ದೇಶ. ಇದಕ್ಕೆ ಮುಂಚೆ ನಾನು ಆಡಳಿತ ಕಚೇರಿಗೆ ಟಿಪ್ಪಣಿಗಳನ್ನು ಬರೆದಿರುವೆನೇ ಹೊರತು ಓದುಗರಿಗಾಗಿ ಬರೆದವಳಲ್ಲ. ಭಾಷೆಯಲ್ಲಿ ಲೋಪ ಕಂಡುಬಂದಲ್ಲಿ ಮನ್ನಿಸಬೇಕೆಂದು ಕೋರುತ್ತೇನೆ. ವಿಷಯದಲ್ಲಿ ಲೋಪವಿಲ್ಲವೆಂದು ದೃಢೀಕರಿಸುತ್ತೇನೆ. ವ್ಯಕ್ತಿಗಳ ಹೆಸರುಗಳನ್ನು ಬದಲಿಸಿದ್ದೇನೆ. ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ.

ದೆಹಲಿಯ ಸುತ್ತಮುತ್ತ ನವೆಂಬರ್ ಬಂತೆಂದರೆ ನಮ್ಮ ವಾರ್ಡಿನಲ್ಲಿ ಹಾಸಿಗೆ ಸಿಗುವುದಿಲ್ಲ. ಹೊರಗೆ ಹೊಗೆ, ಒಳಗೆ ಕೆಮ್ಮು. ನ್ಯುಮೋನಿಯಾ ಆಗಿ ಗುಣಮುಖರಾಗುತ್ತಿರುವವರ ಎದೆಯಲ್ಲಿ ಕಫ ಉಳಿದಿರುತ್ತದೆ. ಅದನ್ನು ಹೊರತರಿಸುವುದು, ಶ್ವಾಸಕೋಶ ಪೂರ್ತಿ ಅರಳುವಂತೆ ಉಸಿರಾಟದ ಅಭ್ಯಾಸ ಮಾಡಿಸುವುದು ನನ್ನ ಕೆಲಸ. ಇದಕ್ಕಾಗಿ ಸ್ಪೈರೋಮೀಟರ್ ಎಂಬ ಪ್ಲಾಸ್ಟಿಕ್ ಉಪಕರಣವಿದೆ. ಅದರ ಕೊಳವೆಯಿಂದ ಉಸಿರನ್ನು ಒಳಗೆಳೆದರೆ ಮೂರು ಚೆಂಡುಗಳು ಒಂದೊಂದಾಗಿ ಮೇಲೇಳುತ್ತವೆ. ರೋಗಿ ಈ ಅಭ್ಯಾಸವನ್ನು ನಿಲ್ಲಿಸಿದರೆ ಕಫ ಕಟ್ಟಿಕೊಳ್ಳುತ್ತದೆ, ಸೋಂಕು ಮರುಕಳಿಸುತ್ತದೆ, ವಯಸ್ಸಾದವರಾದರೆ ವೆಂಟಿಲೇಟರ್ ತನಕವೂ ಹೋಗುತ್ತದೆ. ಆದ್ದರಿಂದ ಚೆಂಡು ಏಳುವುದು ನಮಗೆ ಆಟವಲ್ಲ.

ಚೆಂಡಿನ ಜೊತೆಗೆ ನಾನು ಹಲವು ವರ್ಷಗಳಿಂದ ಸೋಹಂ ಅಭ್ಯಾಸವನ್ನೂ ಹೇಳಿಕೊಡುತ್ತಾ ಬಂದಿದ್ದೇನೆ. ಉಸಿರು ಒಳಗೆ ಹೋಗುವಾಗ ಮನಸ್ಸಿನಲ್ಲಿ ‘ಸೋ’, ಹೊರಗೆ ಬರುವಾಗ ‘ಹಂ’. ‘ಅವನೇ ನಾನು’ ಎಂಬುದು ಇದರ ಅರ್ಥ. ಉಸಿರು ಹಗಲಿರುಳೂ ತಾನೇ ಈ ಮಂತ್ರವನ್ನು ಜಪಿಸುತ್ತಿರುತ್ತದೆ, ನಾವು ಕಿವಿಗೊಟ್ಟರೆ ಸಾಕು ಎಂದು ಯೋಗದ ಸಂಪ್ರದಾಯದಲ್ಲಿ ಹೇಳುತ್ತಾರೆ. ಅದಕ್ಕೇ ಇದಕ್ಕೆ ಅಜಪಾ, ಅಂದರೆ ಜಪಿಸದೆಯೇ ನಡೆಯುವ ಜಪ ಎಂಬ ಹೆಸರಿದೆ. ನನ್ನ ವೃತ್ತಿಯ ದೃಷ್ಟಿಯಿಂದ ಹೇಳುವುದಾದರೆ, ‘ಹಂ’ ಎಂದು ತುಟಿ ಮುಚ್ಚಿ ನಿಧಾನವಾಗಿ ಉಸಿರು ಬಿಡುವಾಗ ಗಾಬರಿ ಇಳಿಯುತ್ತದೆ, ಉಸಿರಾಟದ ಗತಿ ಕಡಿಮೆಯಾಗುತ್ತದೆ. ಈ ವಿದ್ಯೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಮುಂದೆ ಬರೆಯುವುದನ್ನು ಓದಿ ಯಾರೂ ಬೇರೆ ಅರ್ಥ ಮಾಡಿಕೊಳ್ಳಬಾರದೆಂದು ಇದನ್ನು ಇಲ್ಲಿಯೇ ಸ್ಪಷ್ಟಪಡಿಸಿದ್ದೇನೆ.

ಆ ವರ್ಷ ಆಡಳಿತ ಮಂಡಳಿಯು ಪ್ರತಿ ಹಾಸಿಗೆಯ ಪಕ್ಕದಲ್ಲಿ ಒಂದು ಟ್ಯಾಬ್ಲೆಟ್ ಮತ್ತು ಹೆಡ್‌ಫೋನ್ ಇರಿಸಿತು. ಸೋಹಂ ಧ್ಯಾನವನ್ನು ಇಂಗ್ಲಿಷಿನಲ್ಲಿ ಬರೆಸಿ, ಹಲವು ಭಾರತೀಯ ಭಾಷೆಗಳಿಗೆ ಅನುವಾದ ಮಾಡಿಸಿ, ಓಖ್ಲಾದ ಒಂದು ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ್ದರು. ಉದ್ಘಾಟನೆಗೆ ಹೂಗುಚ್ಛ, ಸಮೋಸ, ಭಾಷಣ ಎಲ್ಲವೂ ಇದ್ದವು. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಕನ್ನಡ ಬಲ್ಲ, ಸೋಹಂ ಕಲಿಸುವ, ಸಂಬಳ ಪಡೆಯುವ ಉದ್ಯೋಗಿಯೊಬ್ಬಳು ಇದ್ದಾಳೆ ಎಂಬುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ಕನ್ನಡದ ಧ್ವನಿಮುದ್ರಣವನ್ನು ನನಗೆ ಒಮ್ಮೆಯೂ ಕೇಳಿಸಲಿಲ್ಲ. ಪ್ರತಿ ಸಂಜೆ ರೋಗಿಗಳಿಗೆ ಅವರವರ ಭಾಷೆಯಲ್ಲಿ ಹಾಕಬೇಕೆಂದು ನರ್ಸುಗಳಿಗೆ ಸುತ್ತೋಲೆ ಹೋಯಿತು. ಸಂಜೆ ನನ್ನ ಪಾಳಿ ಮುಗಿದಿರುತ್ತಿತ್ತು.

ಗೌರಮ್ಮನವರು ದಾಖಲಾದದ್ದು ಈ ಹೊತ್ತಿನಲ್ಲಿ. ಸೋಮವಾರಪೇಟೆ ಕಡೆಯವರು, ಎಪ್ಪತ್ತು ದಾಟಿದವರು. ಮಗ ಸೈನ್ಯದಲ್ಲಿ ಸುಬೇದಾರ್, ಈಶಾನ್ಯದ ಗಡಿಯಲ್ಲಿ ನೇಮಕ. ಸೊಸೆ ನೌಕರಿಯಲ್ಲಿದ್ದುದರಿಂದ ಹಗಲು ಹೊತ್ತು ಮೊಮ್ಮಗಳು ದೀಕ್ಷಾ, ಕಾಲೇಜು ವಿದ್ಯಾರ್ಥಿನಿ, ಇಂದಿರಾಪುರಂನಿಂದ ಬಂದು ಕೂರುತ್ತಿದ್ದಳು. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಅರ್ಧ ಹಿಂದಿಯೇ ಬರುತ್ತಿತ್ತು.

ಮೊದಲ ದಿನವೇ ಇಬ್ಬರ ಜಗಳ ಕೇಳಿದೆ.

“ಓಕೆ ಅಜ್ಜಿ, ಚಲೋ, ನಾನು ಹೋಗ್ತೀನಿ.”

“ಆಸ್ಪತ್ರೆಯಲ್ಲಿ ನಿಂತು ಹೋಗ್ತೀನಿ ಅಂತೀಯಲ್ಲೇ! ಬರ್ತೀನಿ ಅನ್ನು.”

“ಅರೇ, ಹೋಗ್ತಾ ಇದೀನಿ, ಬರ್ತಾ ಇಲ್ಲ. ಬರ್ತೀನಿ ಅಂದ್ರೆ ಝೂಟ್ ಆಗುತ್ತೆ.”

“ನಿಮ್ಮಪ್ಪ ಗಡಿಗೆ ಹೋಗೋವಾಗ್ಲೂ ಬರ್ತೀನಿ ಅಂತಾನೆ. ನೀನು ಇಂದಿರಾಪುರಕ್ಕೆ ಹೋಗೋಳು!”

ಮೂರನೆಯ ಚೆಂಡು ಏಳದಿದ್ದರೆ ಗೌರಮ್ಮನವರು ಅದನ್ನೂ ಹೀಗೆಯೇ ಬಯ್ಯುತ್ತಿದ್ದರು. “ಎರಡು ಎದ್ದಾವೆ, ಇದೊಂದು ಸೋಂಬೇರಿ” ಎನ್ನುತ್ತಿದ್ದರು. ಆಮ್ಲಜನಕದ ಪ್ರಮಾಣವನ್ನು ಇಳಿಸುತ್ತಾ ಬಂದಿದ್ದೆವು. ಅದು ಪೂರ್ತಿ ನಿಂತರೆ ಮನೆಗೆ.

ಬಳಿಕ ಒಂದು ಬೆಳಿಗ್ಗೆ ಹೋಗಿ ನೋಡಿದಾಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕೊಳವೆಯನ್ನು ಬಾಯಿಗೆ ತೆಗೆದುಕೊಳ್ಳಲಿಲ್ಲ. ಕೆಮ್ಮಿ ಎಂದರೆ ಕೆಮ್ಮಲಿಲ್ಲ. ತಿಂಡಿ ಹಾಗೆಯೇ ಇತ್ತು. ಮಾರನೆಯ ದಿನವೂ ಅದೇ ಸ್ಥಿತಿ. ಇಳಿಸಿದ್ದ ಆಮ್ಲಜನಕವನ್ನು ಮತ್ತೆ ಏರಿಸಬೇಕಾಯಿತು. ಸ್ಟೆತಸ್ಕೋಪ್ ಇಟ್ಟರೆ ಬಲ ಶ್ವಾಸಕೋಶದ ತಳಭಾಗದಲ್ಲಿ ಗಾಳಿಯ ಸದ್ದು ಕ್ಷೀಣಿಸಿತ್ತು. ನನಗೆ ಭಯವಾದದ್ದು ಅದಕ್ಕಿಂತ ಹೆಚ್ಚಾಗಿ ಮತ್ತೊಂದಕ್ಕೆ. ದೀಕ್ಷಾ ಬ್ಯಾಗು ಹೆಗಲಿಗೇರಿಸಿ “ಹೋಗ್ತೀನಿ ಅಜ್ಜಿ” ಎಂದಳು. ಗೌರಮ್ಮನವರು ತಿದ್ದಲಿಲ್ಲ.

ಕಿರಿಯ ವೈದ್ಯರು ಕೇಸ್ ಶೀಟಿನಲ್ಲಿ ‘ನಾನ್-ಕೋಆಪರೇಟಿವ್’, ಅಂದರೆ ಅಸಹಕಾರಿ ಎಂದು ಬರೆದರು. ಖಿನ್ನತೆಯಿರಬಹುದೆಂದು ಮನೋವೈದ್ಯರಿಗೂ ಚೀಟಿ ಹೋಯಿತು. ಆ ಮನೋವೈದ್ಯರು ಹಿಂದಿಯಲ್ಲಿ ಪ್ರಶ್ನೆ ಕೇಳಿ, ಉತ್ತರ ಬಾರದಿದ್ದುದಕ್ಕೆ ‘ರೋಗಿ ಮೌನಿ’ ಎಂದು ದಾಖಲಿಸಿದರು. ಏಕೆ ಎಂಬ ಒಂದೇ ಮಾತನ್ನು, ಆಕೆಯ ಭಾಷೆಯಲ್ಲಿ, ಅಲ್ಲಿಯವರೆಗೆ ನಾನೂ ಸೇರಿದಂತೆ ಯಾರೂ ಕೇಳಿರಲಿಲ್ಲ.

ಮೂರನೆಯ ದಿನ ನಾನು ಕುರ್ಚಿ ಎಳೆದುಕೊಂಡು ಗೋಡೆಯ ಪಕ್ಕಕ್ಕೇ ಹೋಗಿ ಕುಳಿತೆ. “ಏನಾಯ್ತಮ್ಮ? ನನ್ನ ಮೇಲೆ ಸಿಟ್ಟಾ?” ಎಂದು ಕೇಳಿದೆ.

ಅವರು ನನ್ನ ಮುಖ ನೋಡಿ ಹೇಳಿದರು: “ಸಿಟ್ಟೇನಿಲ್ಲ ಡಾಕ್ಟ್ರಮ್ಮ. ಮೂರು ಸಂಜೆ ಕಿವಿಗೆ ಮಂತ್ರ ಹಾಕಿಸಿಬಿಟ್ರಿ. ಇನ್ನು ಚೆಂಡು ಯಾಕೆ ಎತ್ತಿಸ್ತೀರಿ?”

ಸಾಯುತ್ತಿರುವವರ ಕಿವಿಯಲ್ಲಿ ದೇವರ ನಾಮ ಹೇಳುವ ಪದ್ಧತಿ ಓದುಗರಿಗೆ ತಿಳಿದೇ ಇದೆ. ಟ್ಯಾಬ್ಲೆಟಿನಲ್ಲಿ ಬರುವುದು ಸೋಹಂ ಧ್ಯಾನ, ವಾರ್ಡಿನಲ್ಲಿ ಎಲ್ಲರಿಗೂ ಹಾಕುತ್ತಾರೆ ಎಂದು ನಾನು ವಿವರಿಸಲು ಹೊರಟೆ. ಅವರು ಕೈಯೆತ್ತಿ ತಡೆದರು.

“ಸೋಹಂ ನೀವೂ ಹೇಳಿಕೊಟ್ರಿ, ಬೇಡ ಅಂದ್ನಾ? ಇದರಲ್ಲಿ ಆ ಹುಡುಗಿ ಬಾಯಿಬಿಟ್ಟು ಹೇಳ್ತಾಳೆ. ನೀವೇ ಕೇಳಿ.”

ನಾನು ಹೆಡ್‌ಫೋನ್ ಹಾಕಿಕೊಂಡೆ. ಜೇನಿನಂಥ ಧ್ವನಿ. ತಂಬೂರಿಯ ಶ್ರುತಿ. ‘ಸೋ’ ಎಂದು ಒಳಗೆ, ‘ಹಂ’ ಎಂದು ಹೊರಗೆ, ಎಲ್ಲವೂ ಸರಿಯಾಗಿತ್ತು. ಧ್ಯಾನ ಮುಗಿಯುವ ಹಂತದಲ್ಲಿ ಆ ಧ್ವನಿ ಅತ್ಯಂತ ಮೃದುವಾಗಿ ಹೀಗೆ ಹೇಳಿತು:

“ಈಗ ಕೊನೆಯುಸಿರನ್ನು ಎಳೆಯಿರಿ. ನಿಮ್ಮ ದೇಹವನ್ನು ಬಿಡಿ. ಓಂ ಶಾಂತಿ.”

ಇಂಗ್ಲಿಷಿನಲ್ಲಿ ‘ಒನ್ ಲಾಸ್ಟ್ ಬ್ರೆತ್’ ಎಂದು ಇದ್ದಿರಬೇಕು. ದೇಹವನ್ನು ಸಡಿಲಗೊಳಿಸಿ ಎಂದು ಇದ್ದಿರಬೇಕು. ಪದಕ್ಕೆ ಪದ ಜೋಡಿಸಿದ ಅನುವಾದಕರಿಗೆ, ನಮ್ಮ ಪತ್ರಿಕೆಗಳ ನಿಧನ ವಾರ್ತೆಗಳು ಇದೇ ಪದಗಳಲ್ಲಿ ಅಚ್ಚಾಗುತ್ತವೆ ಎಂಬುದು ಹೊಳೆಯಲಿಲ್ಲ. ಕಷ್ಟಪಟ್ಟು ಉಸಿರೆಳೆಯುತ್ತಿದ್ದ ವೃದ್ಧೆಯೊಬ್ಬರಿಗೆ ನಮ್ಮ ಆಸ್ಪತ್ರೆಯು ಪ್ರತಿ ಸಂಜೆ, ಕಿವಿಯಲ್ಲಿಯೇ, ಸಾಯಿರಿ ಎಂದು ಸೂಚನೆ ನೀಡುತ್ತಿತ್ತು.

ಅಲ್ಲೇ ಕುಳಿತಿದ್ದ ದೀಕ್ಷಾಳಿಗೆ ಕೇಳಿಸಿದೆ. ಅವಳು ಹುಬ್ಬು ಗಂಟಿಕ್ಕಿ, “ಲಾಸ್ಟ್ ಬ್ರೆತ್ ತಗೊಳ್ಳಿ ಅಂತ ತಾನೇ ಆಂಟಿ? ಕರೆಕ್ಟ್ ಇದೆಯಲ್ಲ. ಇದ್ರಲ್ಲಿ ಪ್ರಾಬ್ಲಮ್ ಏನು?” ಎಂದಳು.

ನಾನು ನೇರವಾಗಿ ಕೆಳಗಿನ ಮಹಡಿಯಲ್ಲಿದ್ದ ಪೇಷೆಂಟ್ ಎಕ್ಸ್‌ಪೀರಿಯನ್ಸ್ ಮ್ಯಾನೇಜರರ ಕೊಠಡಿಗೆ ಹೋದೆ. ರೋಗಿಗಳ ಅನುಭವ ಚೆನ್ನಾಗಿರುವಂತೆ ನೋಡಿಕೊಳ್ಳುವುದು ಆ ಹುದ್ದೆಯ ಕರ್ತವ್ಯ. ಅವರು ಸಮಾಧಾನದಿಂದ ಕೇಳಿಸಿಕೊಂಡು, ಅನುವಾದ ಪ್ರಮಾಣೀಕೃತವಾದದ್ದು ಎಂದರು. ಹಿಂದಿಯಲ್ಲಿಯೂ ‘ಅಂತಿಮ್ ಸಾಂಸ್’ ಎಂದರೆ ಸಾವೇ ಅಲ್ಲವೇ, ಹಿಂದಿಯ ಧ್ವನಿಮುದ್ರಣವನ್ನು ಹಾಕಿ ತೋರಿಸಿ ಎಂದೆ. ಹಾಕಿದರು. ಅದರಲ್ಲಿ ಆ ಜಾಗದಲ್ಲಿ ‘ಆರಾಮ್ ಸೇ ಸಾಂಸ್ ಲೀಜಿಯೇ’, ಅಂದರೆ ನಿಧಾನವಾಗಿ ಉಸಿರು ತೆಗೆದುಕೊಳ್ಳಿ ಎಂದಿತ್ತು.

“ಹಾಂ ಜೀ, ಹಿಂದಿಯಲ್ಲಿ ಮೊದಲು ಆ ತಪ್ಪು ಇತ್ತು. ಮೊದಲ ದಿನವೇ ಕಂಪ್ಲೇಂಟ್ ಬಂತು, ಸರಿ ಮಾಡಿದೆವು” ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. “ಕನ್ನಡದಲ್ಲಿ ಕಂಪ್ಲೇಂಟ್ ಬಂದಿಲ್ಲ.”

ಅಂದರೆ ತಪ್ಪು ತಿಳಿದಿತ್ತು. ಒಂದು ಭಾಷೆಯವರ ಮಟ್ಟಿಗೆ ತಿದ್ದಿ, ಉಳಿದವರು ಕೂಗಲಿ ನೋಡೋಣ ಎಂದು ಬಿಟ್ಟಿದ್ದರು. ಮೇಲಧಿಕಾರಿಗಳೆದುರು ನಾನು ಎಂದೂ ದನಿ ಏರಿಸಿದವಳಲ್ಲ. ಅಂದು ಏರಿಸಿದೆ.

“ಹೇಳಿದ ಹಾಗೆ ಕೊನೆಯುಸಿರೆಳೆದ ಮೇಲೆ ಕಂಪ್ಲೇಂಟ್ ಯಾರು ಬಂದು ಕೊಡಬೇಕು ಸರ್?”

ಅವರು ನನಗೆ ನೀರು ಕುಡಿಯಲು ಹೇಳಿ, ನಿಗದಿತ ನಮೂನೆಯಲ್ಲಿ ಬರೆದು ಕೊಡಲು ಸೂಚಿಸಿದರು.

ಮರಳಿ ಬಂದು ಗೌರಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ನಂಬಲಿಲ್ಲ. “ಸಾಯೋರ ಮುಂದೆ ನಿಜ ಯಾರು ಹೇಳ್ತಾರೆ ಡಾಕ್ಟ್ರಮ್ಮ? ನಮ್ಮ ಯಜಮಾನರಿಗೆ ನಾನೂ ಹಿಂಗೇ ಹೇಳಿದ್ದೆ. ನಾಳೆ ಮನೆಗೆ ಹೋಗೋಣ ಅಂತ” ಎಂದರು. ವೃತ್ತಿಯಲ್ಲಿ ಕಲಿತ ಸಮಾಧಾನದ ಮಾತುಗಳೆಲ್ಲವೂ ಆ ಹೊತ್ತಿನಲ್ಲಿ ಅವರ ಅನುಮಾನಕ್ಕೆ ಸಾಕ್ಷ್ಯವಾಗುತ್ತಿದ್ದವು.

ಆಗ ದೀಕ್ಷಾ ಹೆಡ್‌ಫೋನಿನ ತಂತಿಯನ್ನು ಕಿತ್ತು ಧ್ವನಿಮುದ್ರಣವನ್ನು ಎಲ್ಲರಿಗೂ ಕೇಳುವಂತೆ ಹಾಕಿದಳು. “ಈಗ ಕೊನೆಯುಸಿರನ್ನು ಎಳೆಯಿರಿ” ಎಂದಿತು. ಅವಳು ಎದೆಯುಬ್ಬಿಸಿ ಉಸಿರೆಳೆದು, ನಗುತ್ತಾ, ತನ್ನ ಕನ್ನಡದಲ್ಲಿ ಜೋರಾಗಿ ಹೇಳಿದಳು:

“ದೇಖೋ ಅಜ್ಜಿ, ನಾನು ಕೊನೆಯುಸಿರೆಳೆದೆ! ಏನೂ ಆಗ್ಲಿಲ್ಲ!”

“ಥೂ! ಬಿಡ್ತು ಅನ್ನು!” ಗೌರಮ್ಮನವರು ಧಡಕ್ಕನೆ ಎದ್ದು ಕುಳಿತಿದ್ದರು. “ಬಿಡ್ತು ಅನ್ನೇ ಮೊದ್ಲು! ಎಂಥ ಮಾತಾಡ್ತೀಯ, ಬಾಯಿಗೆ ಬಂದದ್ದು!”

“ಕ್ಯಾ ಬಿಡ್ತು? ಏನು ಬಿಡಬೇಕು?”

“ಬಿಡ್ತು ಅನ್ನು ಅಂದ್ರೆ ಬಿಡ್ತು ಅನ್ನು!”

“ಅಚ್ಛಾ ಬಾಬಾ, ಬಿಡ್ತು, ಬಿಡ್ತು!”

ಕೂಗಿದ ರಭಸಕ್ಕೆ ಗೌರಮ್ಮನವರಿಗೆ ಕೆಮ್ಮು ಬಂತು. ಆಳದಿಂದ ಬಂದ, ಎರಡು ದಿನಗಳಿಂದ ನಾನು ಬೇಡಿಕೊಂಡಿದ್ದ ಕೆಮ್ಮು. ನಾನು ಬೆನ್ನಿಗೆ ಕೈ ಕೊಟ್ಟು ಬಟ್ಟಲು ಹಿಡಿದೆ. ಕಫ ಬಂತು, ಮತ್ತೆ ಬಂತು. ಕೊನೆಗೆ ಅವರು ದಿಂಬಿಗೆ ಒರಗಿ, ಮೊಮ್ಮಗಳನ್ನೊಮ್ಮೆ, ಟ್ಯಾಬ್ಲೆಟನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದರು.

“ಅದರೊಳಗಿನ ಹುಡುಗೀನೂ ಇವಳ ಹಂಗೇನಾ?”

“ಹಂಗೇ ಅಮ್ಮ. ಓದೋಕೆ ಬರುತ್ತೆ, ಅಷ್ಟೇ.”

“ಅವಳಿಗೂ ಬಿಡ್ತು ಅನ್ನೋರು ಯಾರೂ ಇರಲಿಲ್ವೇನೋ, ಪಾಪ” ಎಂದರು. ಆಮೇಲೆ ಕೊಳವೆಗಾಗಿ ಕೈ ಚಾಚಿದರು.

ಅಂದಿನಿಂದ ಸೋಹಂ ಅಭ್ಯಾಸವನ್ನು ನಾನೇ ಎದುರು ಕುಳಿತು ಮಾಡಿಸಿದೆ. ಮುಗಿಸುವಾಗ ‘ಕೊನೆ’ ಎಂಬ ಪದ ಬರದಂತೆ “ಇನ್ನೊಂದು ಉಸಿರು” ಎನ್ನುತ್ತಿದ್ದೆ. ಆ ಇನ್ನೊಂದಾದ ಮೇಲೆ ಅವರೇ “ಇನ್ನೊಂದು” ಎಂದು ಮುಂದುವರಿಸುತ್ತಿದ್ದರು. ಮೂರನೆಯ ಚೆಂಡು ಎದ್ದಿತು, ಆಮ್ಲಜನಕ ನಿಂತಿತು.

ಆಡಳಿತದ ಕ್ರಮವನ್ನೂ ದಾಖಲಿಸಬೇಕು. ನಿಗದಿತ ನಮೂನೆಯಲ್ಲಿಯೇ ದೂರು ನೀಡಿದೆ. ಆ ಎರಡೇ ವಾಕ್ಯಗಳನ್ನು ತಿದ್ದಿಸಿ, ನಾನೇ ಸ್ಟುಡಿಯೋಗೆ ಹೋಗಿ ಓದಿ ಬರುತ್ತೇನೆ ಎಂದೂ ಬರೆದೆ. ಬಳಕೆದಾರರು ಕಡಿಮೆಯಿರುವ ಕಾರಣ ಕನ್ನಡ ಆವೃತ್ತಿಯನ್ನು ತೆಗೆದುಹಾಕಲಾಗಿದೆ ಎಂಬ ಉತ್ತರ ಬಂತು. ತಪ್ಪು ತೆಗೆಯಿರಿ ಎಂದರೆ ಭಾಷೆಯನ್ನೇ ತೆಗೆದರು. ಕೇಸ್ ಶೀಟಿನ ‘ಅಸಹಕಾರಿ’ ಎಂಬ ಪದವನ್ನು ಹೊಡೆದುಹಾಕಲು ಕೋರಿದೆ. ದಾಖಲೆ ತಿದ್ದುವಂತಿಲ್ಲ ಎಂದರು. ಆಸ್ಪತ್ರೆ ಹೇಳಿದ್ದನ್ನು ಒಂದಕ್ಷರ ಬಿಡದೆ ಕೇಳಿ, ಅದರಂತೆಯೇ ನಡೆಯಲು ಸಿದ್ಧರಾಗಿದ್ದವರು ಆ ವಾರ್ಡಿನಲ್ಲಿ ಗೌರಮ್ಮನವರೊಬ್ಬರೇ. ಇಂದಿಗೂ ಅವರ ಹೆಸರಿನ ಮುಂದೆ ಆ ಪದವಿದೆ.

ಈ ಪ್ರಕರಣದ ನಂತರ, ರೋಗಿಯೊಬ್ಬರು ಮಾತು ಕೇಳುತ್ತಿಲ್ಲ ಎಂದು ಯಾರಾದರೂ ಹೇಳಿದರೆ, ಅವರಿಗೆ ಹೇಳಿದ ಮಾತು ಯಾವುದು ಎಂದು ನಾನು ಮೊದಲು ವಿಚಾರಿಸುತ್ತೇನೆ. ಎಷ್ಟೋ ಬಾರಿ ರೋಗಿ ಸರಿಯಾಗಿಯೇ ಕೇಳಿಸಿಕೊಂಡಿರುತ್ತಾರೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇದು.

ಮನೆಗೆ ಹೊರಟ ದಿನ ಗೌರಮ್ಮನವರ ಗಾಲಿಕುರ್ಚಿಯನ್ನು ಲಿಫ್ಟಿನ ತನಕ ನಾನೇ ತಳ್ಳಿದೆ. ದೀಕ್ಷಾ ನನ್ನತ್ತ ಕೈಬೀಸಿ, ನಾಲಿಗೆ ಕಚ್ಚಿಕೊಂಡು, “ಬರ್ತೀನಿ ಆಂಟಿ” ಎಂದಳು. ಬಾಗಿಲು ಮುಚ್ಚುವ ಮೊದಲು ಗೌರಮ್ಮನವರು ನನ್ನ ಕೈ ಹಿಡಿದು ಕೇಳಿದರು:

“ಆ ಕೆಳಗಿನ ಆಫೀಸಿನವರು ಬಿಡ್ತು ಅಂದ್ರಾ?”

“ಇನ್ನೂ ಇಲ್ಲಮ್ಮ.”

“ಅನ್ನಿಸಿ ಡಾಕ್ಟ್ರಮ್ಮ” ಎಂದರು.

ಎರಡು ವರ್ಷಗಳಾದವು. ಇದುವರೆಗೆ ಯಾರೂ ಅಂದಿಲ್ಲ.