ಬೇವಿನ ತೊಪ್ಪಲಿನ ಈಚೆ

ನಾನು ನಿಂತಿದ್ದು ಮಾನ್ವಿಯಲ್ಲಿ, ನನ್ನ ಅಕ್ಕನ ಮನೆಯ ಹೊಸ್ತಿಲಿನ ಹೊರಗೆ, ಎರಡನೇ ಮೆಟ್ಟಿಲಿನ ಮೇಲೆ. ಐದು ವರ್ಷದ ಹಿಂದಿನ ಫೆಬ್ರವರಿ ತಿಂಗಳು, ಎರಡನೇ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ತಲೆಯ ಮೇಲೆ ಚೌಕಟ್ಟಿಗೆ ಕಟ್ಟಿದ ಹಸಿ ಬೇವಿನ ತೊಪ್ಪಲು ಇತ್ತು. ಎಡಕ್ಕೆ ಕಿಟಕಿ. ಹೊಸ್ತಿಲಿನಿಂದ ಅಕ್ಕ ಮಲಗಿದ್ದ ಚಾಪೆಗೆ ಎಂಟು ಹೆಜ್ಜೆ. ಆಮೇಲೆ ಒಂದು ದಿನ ಆ ಮನೆಯಲ್ಲಿ ಯಾರೂ ಇಲ್ಲದಾಗ ನಡೆದು ಎಣಿಸಿದ್ದೇನೆ.

ರಾಯಚೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ರಕ್ತ ತೆಗೆಯುವ ಕೆಲಸದವನು. ರಕ್ತ ತೆಗೆದ ತಕ್ಷಣ ಟ್ಯೂಬಿನ ಮೇಲೆ ಸಮಯ ಬರೆಯಬೇಕು. ಇಪ್ಪತ್ತು ವರ್ಷದಿಂದ ಅದನ್ನೇ ಮಾಡಿ ಮಾಡಿ, ಏನೇ ನಡೆದರೂ ಮೊದಲು ಗಡಿಯಾರ ನೋಡುವುದು ಚಟವಾಗಿಬಿಟ್ಟಿದೆ. ಹಾಗಾಗಿ ಸಮಯದ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು. ಉಳಿದದ್ದನ್ನು ನೆನಪಿದ್ದಷ್ಟೇ ಹೇಳುತ್ತೇನೆ.

ಅಕ್ಕ ಬದುಕಲಿಲ್ಲ. ಯಾಕೆ ಬದುಕಲಿಲ್ಲ ಎಂಬುದಕ್ಕೆ ಆ ಮನೆಯವರ ಬಳಿ ಒಂದು ಉತ್ತರವಿದೆ. ಆ ಉತ್ತರದ ಭಾರ ಇವತ್ತಿಗೂ ಒಂದು ಹುಡುಗಿಯ ತಲೆಯ ಮೇಲಿದೆ. ಅದನ್ನು ಇಳಿಸಲು ಆಗುತ್ತದೆಯೋ ಇಲ್ಲವೋ ನೋಡೋಣ ಎಂದು ಬರೆಯುತ್ತಿದ್ದೇನೆ.

ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರಿದ್ದಾರೆ. ಪ್ರತಿ ಸೋಮವಾರ ಒಪ್ಪೊತ್ತು, ಹಣೆಗೆ ಮೂರು ಬೆರಳಿನ ವಿಭೂತಿ. ಒಳ್ಳೆಯ ಮನುಷ್ಯ. ಚಹಾ ಕುಡಿಯುವಾಗ ಅವರು ನನ್ನನ್ನು ಕೇಳುವುದುಂಟು: "ದೇವರಿಲ್ಲ ಅಂತೀರಿ, ಆತು ಬಿಡ್ರಿ. ನಂಬಾವ್ರನ್ನ ಕಂಡ್ರ ನಿಮಗ್ಯಾಕ ಅಷ್ಟು ಸಿಟ್ಟು? ನಾವೇನು ನಿಮ್ಮ ಚಹಾದಾಗ ವಿಭೂತಿ ಕಲಸೀವೇನು?" ನಾನು ನಗುತ್ತೇನೆ. ಉತ್ತರ ಆ ಮೆಟ್ಟಿಲಿನ ಮೇಲಿದೆ. ಅದನ್ನು ಚಹಾ ಲೋಟ ಕೈಯಲ್ಲಿ ಹಿಡಿದು ಹೇಳಲು ಬರುವುದಿಲ್ಲ.

ಆ ವರ್ಷ ಜನವರಿ ಕೊನೆಗೆ ಅಕ್ಕನ ಮಗಳಿಗೆ ಮೈತುಂಬ ಗುಳ್ಳೆ ಎದ್ದವು. ಆಗ ಅವಳಿಗೆ ಏಳು ವರ್ಷ. ಶಾಲೆಯಿಂದಲೇ ಹತ್ತಿಸಿಕೊಂಡು ಬಂದಿದ್ದಳು. ಡಾಕ್ಟರು ಇದಕ್ಕೆ ಚಿಕನ್‌ಪಾಕ್ಸ್ ಎನ್ನುತ್ತಾರೆ. ನಮ್ಮಲ್ಲಿ ತಾಯಿ ಬಂದಾಳೆ ಎನ್ನುತ್ತಾರೆ. ದೇವಿ ಮೈಮೇಲೆ ಬಂದಿರುವಾಗ ಮನೆಗೆ ಒಂದು ನಡವಳಿಕೆಯಿದೆ. ಬಾಗಿಲಿಗೆ ಬೇವು ಕಟ್ಟಬೇಕು. ಹೊರಗಿನಿಂದ ಬಂದವರು ಹೊಸ್ತಿಲು ದಾಟಬಾರದು. ಡಾಕ್ಟರ ಔಷಧಿ, ಸೂಜಿ ಮನೆಯೊಳಗೆ ಬರಬಾರದು. ಒಲೆಯ ಮೇಲೆ ಎಣ್ಣೆ ಕಾಯಿಸಿ ವಗ್ಗರಣೆ ಹಾಕಬಾರದು. ಸಾಸಿವೆ ಸಿಡಿದರೆ ತಾಯಿ ಸಿಡಿಮಿಡಿಗೊಳ್ಳುತ್ತಾಳೆ. ಅವಳು ತಣ್ಣಗಾದಳು ಎನಿಸಿದ ಮೇಲೆ ಬೇವಿನ ನೀರು ಹಾಕಿ, ಮೊಸರನ್ನದ ಎಡೆ ಇಟ್ಟು ಕಳಿಸಿಕೊಡಬೇಕು.

ಇದೆಲ್ಲ ನಡೆಯಿತು, ಮಗು ಒಂಬತ್ತನೇ ದಿನಕ್ಕೆ ಎದ್ದು ಓಡಾಡಿತು. ಮಕ್ಕಳಲ್ಲಿ ಬಹಳ ಸಲ ಅದು ತಾನಾಗಿ ಹೋಗುವ ಜ್ವರ. ಆದರೆ ಆ ಮನೆಯಲ್ಲಿ ಅದು ತಾಯಿಯ ಕೃಪೆ ಎಂದು ದಾಖಲಾಯಿತು. ಮಗುವಿನ ಪಕ್ಕ ಮಲಗಿ ಆರೈಕೆ ಮಾಡಿದ ಅಕ್ಕನಿಗೆ ಅದು ಬರುವ ಹೊತ್ತಿಗೆ ಎಲ್ಲರಿಗೂ ಧೈರ್ಯ ಬಂದಿತ್ತು. ಮಗಳನ್ನು ಉಳಿಸಿದ ದೇವಿ ಹೆತ್ತವಳನ್ನು ಬಿಟ್ಟಾಳೆಯೇ?

ಅಕ್ಕನಿಗೆ ಗುಳ್ಳೆ ಕಂಡದ್ದು ಗುರುವಾರ. ನನಗೆ ಗೊತ್ತಾದದ್ದು ಶನಿವಾರ ಸಂಜೆ, ದೇವದುರ್ಗದಿಂದ ಅವ್ವ ಫೋನ್ ಮಾಡಿದಾಗ.

"ನಿಮ್ಮಕ್ಕಗ ತಾಯಿ ಬಂದಾಳಪ್ಪ," ಎಂದಳು. ಆಮೇಲೆ, "ನೀ ಹೋದ್ರ ವಾದ ಹಾಕಬ್ಯಾಡ. ನಿಮ್ಮಪ್ಪ ಸತ್ತಾಗ ಮಾಡಿದ್ದು ಸಾಕು."

ಅಪ್ಪ ತೀರಿಕೊಂಡಾಗ ದೇವದುರ್ಗದಲ್ಲಿ ನಾನು ಕ್ರಿಯೆಗೆ ಕೂರುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದೆ. ನಂಬಿಕೆಯಿಲ್ಲದೆ ಕೂತರೆ ಅಪ್ಪನಿಗೆ ಮೋಸ ಮಾಡಿದಂತೆ ಎಂದು ನನ್ನ ವಾದ. ಅವ್ವ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಆ ವರ್ಷ ಮುಗಿದ ಮೇಲೆ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ: ಇನ್ನು ಯಾರ ಮನೆಯ ದೇವರಿಗೂ ಅಡ್ಡ ಹೋಗಬಾರದು, ಅವರದು ಅವರಿಗೆ. ಆಗ ಅದು ದೊಡ್ಡ ಮನಸ್ಸು ಎಂದು ನನಗೆ ಅನಿಸಿತ್ತು.

ನಮ್ಮ ಆಸ್ಪತ್ರೆಯ ಡಾಕ್ಟರಮ್ಮನಿಗೆ ವಿಷಯ ಹೇಳಿದೆ. ಅವರು ಮಾತ್ರೆ ಬರೆದುಕೊಟ್ಟರು. "ದೊಡ್ಡವರಿಗೆ ಬಂದ್ರೆ ಹಗುರಾಗಿ ತಗೋಬಾರದು. ಮಾತ್ರೆ ಈಗಾಗಲೇ ತಡ ಆಗಿದೆ, ಆದ್ರೂ ಶುರು ಮಾಡಿ. ಉಸಿರಾಟ ಜೋರಾಗಿದೆ ಅಂತ ಕಂಡ್ರೆ ಒಂದು ಗಂಟೆನೂ ಕಾಯಬೇಡಿ, ಇಲ್ಲಿಗೆ ಕರ್ಕೊಂಡು ಬನ್ನಿ," ಎಂದರು. ಅಂಗಡಿಯಲ್ಲಿ ಕೊಂಡ ಮಾತ್ರೆಯ ಪಟ್ಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಭಾನುವಾರ ಬೆಳಿಗ್ಗೆ ಮಾನ್ವಿಯ ಬಸ್ಸು ಹತ್ತಿದೆ. ಕಲ್ಲೂರಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಆ ಹೊತ್ತಿನಲ್ಲಿ ನಾನು ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ.

ಎರಡನೇ ಮೆಟ್ಟಿಲು ಹತ್ತುತ್ತಿದ್ದಂತೆ ಅಕ್ಕನ ಅತ್ತೆ ಒಳಗಿನಿಂದ ಕೈ ಅಡ್ಡ ಹಿಡಿದರು.

"ಅಲ್ಲೇ ನಿಂದ್ರಪ್ಪಾ ತಮ್ಮಾ. ಬಸ್ಸಿನ್ಯಾಗ ಬಂದೀದಿ, ಯಾರ್‍ಯಾರ ಮೈ ತಾಕ್ಯಾವೋ ಏನೋ. ಸಿಟ್ಟು ಮಾಡ್ಕೋಬ್ಯಾಡ."

ಆಕೆ ಅಂದಿಗೆ ನಾಲ್ಕು ದಿನದಿಂದ ಒಂದೇ ಹೊತ್ತು ಉಂಡಿದ್ದರು. ಸೊಸೆಗೆ ಗುಣವಾಗಲೆಂದು ಕಾಲಿಗೆ ಚಪ್ಪಲಿ ಹಾಕದೆ ದಿನಾ ಗುಡಿಗೆ ಹೋಗಿ ಬರುತ್ತಿದ್ದರು. ಹಿಮ್ಮಡಿ ಒಡೆದು ಅದರಲ್ಲಿ ಕೆಂಪು ಮಣ್ಣು ಕೂತಿತ್ತು. ಇದನ್ನೂ ಬರೆಯಬೇಕು. ಅವರು ಅಕ್ಕನನ್ನು ಪ್ರೀತಿಸುತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು.

ಒಳಗಿನಿಂದ ಅಕ್ಕನ ದನಿ ಬಂತು. "ಯಾರು, ನಮ್ಮ ತಮ್ಮನಾ? ನೋಡ್ರಿ ಅತ್ತೀ, ದೇವರಿಗೆ ಹೆದರದಾಂವ ಬೇವಿನ ತೊಪ್ಪಲಕ್ಕ ಹೆದರಿ ನಿಂತಾನ."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆದರೆ ಆ ಮಾತನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿರಲಿಲ್ಲ. ನಡುವೆ ಮೂರು ಕಡೆ ನಿಂತಿದ್ದಳು.

ನಾನು ಗಡಿಯಾರ ನೋಡಿದೆ. ಹೊದ್ದ ಬಿಳಿ ಪಂಜೆಯ ಅಂಚು ಅವಳ ಎದೆಯ ಮೇಲೆ ಏಳುವುದು, ಇಳಿಯುವುದು ಹೊಸ್ತಿಲಿನಿಂದ ಕಾಣುತ್ತಿತ್ತು. ಒಂದು ನಿಮಿಷ ಪೂರ್ತಿ ಎಣಿಸಿದೆ. ಮೂವತ್ತನಾಲ್ಕು. ಆರಾಮಾಗಿ ಮಲಗಿದವರದು ಅದರ ಅರ್ಧ ಇರಬೇಕು. ತಪ್ಪಿರಬಹುದೆಂದು ಇನ್ನೊಂದು ನಿಮಿಷ ಎಣಿಸಿದೆ. ಮೂವತ್ತನಾಲ್ಕೇ.

"ಅಕ್ಕಾ, ದವಾಖಾನಿಗೆ ಹೋಗೂಣು. ಈಗ. ಆಟೋ ತರ್ತೀನಿ."

"ಹುಚ್ಚಾ," ಎಂದಳು. "ತಾಯಿ ಮೈಮ್ಯಾಲ ಇದ್ದಾಗ ಹೊಸ್ತಿಲ ದಾಟಿಸ್ತಾರೇನು? ಮಂಗಳವಾರ ನೀರು ಹಾಕ್ತಾರ. ಅಲ್ಲಿತನ ಸುಮ್ನಿರು. ಒಳಗ ಬಂದೀ ಅಂದ್ರ ನನ್ನ ಮ್ಯಾಲ ಆಣಿ."

ನಾನು ಮಾತ್ರೆಯ ಪಟ್ಟಿ ತೆಗೆದು ಅಕ್ಕನ ಗಂಡನ ಕೈಗೆ ಕೊಟ್ಟೆ. ಅವರು ಮಾನ್ವಿಯಲ್ಲಿ ಹೊಲಿಗೆ ಅಂಗಡಿ ಇಟ್ಟವರು, ಮೆತ್ತಗಿನ ಮನುಷ್ಯ. ಅದನ್ನು ಹಿಡಿದು ಹೊರಗೆ ಬಂದು, ಒಳಗೆ ಒಯ್ಯುವಂತಿಲ್ಲವಾದ್ದರಿಂದ, ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು ಅದರ ಮೇಲೊಂದು ಸಣ್ಣ ಕಲ್ಲು ಹೇರಿದರು.

"ಬುಧವಾರ ಮುಂಜಾನಿ ನಾನಾ ಕೊಡ್ತೀನ್ರೀ," ಎಂದರು. "ಆಕಿ ಮನಸ್ಸಿಗೆ ವಿರುದ್ಧ ಹ್ಯಾಂಗ ಕೊಡ್ಲಿ? ಆಕೀನೂ ನಂಬ್ಯಾಳ."

ಹಾಗೆ ನಾನು ಹನ್ನೊಂದು ಇಪ್ಪತ್ತರಿಂದ ಹನ್ನೆರಡು ಗಂಟೆಯ ತನಕ ಆ ಮೆಟ್ಟಿಲಿನ ಮೇಲೆ ನಿಂತಿದ್ದೆ. ಎಂಟು ಹೆಜ್ಜೆ. ಒಳಗೆ ಹೋಗಿ ಎತ್ತಿಕೊಂಡು ಬರಬಹುದಿತ್ತು. ಅವಳು ಹಗುರ ಇದ್ದಳು. ಬೈಯುತ್ತಿದ್ದರು. ಒಂದು ವರ್ಷವಲ್ಲ, ಹತ್ತು ವರ್ಷ ಮಾತು ಬಿಡುತ್ತಿದ್ದರು. ಯಾವ ದೇವರಿಗೂ ಕೈಮುಗಿಯದ ನಾನು ಆ ತೊಪ್ಪಲಿನ ಮಾತು ಕೇಳಿದೆ. ನಂಬಿಕೆಯಿಂದಲ್ಲ, ಮರ್ಯಾದೆಗಾಗಿ. ಮಧ್ಯಾಹ್ನದ ಬಸ್ಸಿಗೆ ರಾಯಚೂರಿಗೆ ವಾಪಸ್ಸಾದೆ.

ಮಂಗಳವಾರ ನೀರು ಹಾಕಿದ ಮೇಲೆ ಅಕ್ಕನ ತುಟಿ ನೀಲಿಗಟ್ಟಿತು. ಆಗ ಕರೆತಂದರು. ಆ ಸಂಜೆ ರಾಯಚೂರಿನ ನಮ್ಮ ಆಸ್ಪತ್ರೆಯಲ್ಲಿ ಅವಳ ರಕ್ತ ತೆಗೆದವನು ನಾನೇ; ಬೇರೆಯವರಿಗೆ ಬಿಡಲು ಮನಸ್ಸಾಗಲಿಲ್ಲ. ಟ್ಯೂಬಿನ ಮೇಲೆ ಬರೆದ ಸಮಯ ನಾಲ್ಕು ನಲವತ್ತು. ಉಸಿರು ಸಾಲದೆ ರಕ್ತ ಕಪ್ಪಾಗಿತ್ತು. ಮೂಗು ಬಾಯಿಗೆ ಮಾಸ್ಕ್ ಇದ್ದುದರಿಂದ ಅಕ್ಕ ಮಾತಾಡಲಿಲ್ಲ. ನಾನು ನರ ಹುಡುಕುತ್ತಲೇ ಇರುವುದನ್ನು ಕಂಡು ತನ್ನ ತೋಳನ್ನು ತಾನೇ ನೇರ ಮಾಡಿ ಹಿಡಿದಳು. ಬುಧವಾರ ಬೆಳಿಗ್ಗೆ ಏಳು ಹತ್ತಕ್ಕೆ ತೀರಿಕೊಂಡಳು.

ಭಾನುವಾರವೇ ತಂದಿದ್ದರೆ ಉಳಿಯುತ್ತಿದ್ದಳೇ? ಡಾಕ್ಟರಮ್ಮನನ್ನು ಕೇಳಿದೆ. ಉಳಿಯುವ ಸಾಧ್ಯತೆ ಹೆಚ್ಚಿತ್ತು, ಖಚಿತ ಹೇಳಲಾರೆ ಎಂದರು. ನಾನೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಮೂರನೇ ದಿನ ಮಾನ್ವಿಯ ಮನೆಯಲ್ಲಿ ಬಂಧುಗಳು ಕೂತಿದ್ದರು. ಒಬ್ಬ ಹೆಂಗಸು ನನಗೆ ಕೇಳಲಿ ಎಂದೇ ಹೇಳಿದಳು: "ಹೊಸ್ತಿಲಿನ ತನಕ ಇಂಗ್ಲಿಷ್ ಔಷಧಿ ತಂದ್ರಲ್ಲ, ತಾಯಿ ಮುನೀದ ಇರ್ತಾಳೇನು?"

ನಾನು ಎದ್ದು ನಿಂತೆ. ಆದರೆ ನನಗಿಂತ ಮೊದಲು ಅಕ್ಕನ ಅತ್ತೆ ಬಾಯಿ ತೆರೆದರು.

"ಆ ಹುಡುಗನ್ನ ಅನ್ನಬ್ಯಾಡ್ರಿ. ತಪ್ಪು ನಂದು. ಸೋಮವಾರ ಈ ಕೂಸು ಸಪ್ಪನ ಬ್ಯಾಳಿ ಉಣ್ಣಾಕ ಒಲ್ಲೆ ಅಂತ ಅಳಾಕತ್ತಿತ್ತು. ಮೂರು ವಾರ ಸಪ್ಪನದೇ ತಿಂದಿತ್ತು, ಪಾಪ. ನಾ ತಡೀಲಾರದ ಒಂದು ಚಮಚ ಎಣ್ಣಿ, ನಾಕು ಕಾಳು ಸಾಸಿವಿ ಹಾಕಿದ್ನಿ. ಆ ಚಟಚಟ ಸಪ್ಪಳಕ್ಕ ಆಕಿ ಸಿಟ್ಟಾದಳು. ನಾನಾ ಕೊಂದ್ನಿ."

ಹೇಳಿ ನೆಲಕ್ಕೆ ಹಣೆ ಚಚ್ಚಿಕೊಂಡರು. ಮಗು ಅವರ ಬೆನ್ನ ಹಿಂದೆ ಕೂತಿತ್ತು. ಅದು ಕೇಳಿಸಿಕೊಂಡಿತು ಎಂಬುದು ನನಗೆ ಅವತ್ತು ಹೊಳೆಯಲಿಲ್ಲ.

ಆಗಲೂ ನಾನು ಬಾಯಿ ತೆರೆಯಲಿಲ್ಲ. ಏನೆಂದು ಹೇಳುವುದು? ಸಾಸಿವೆಯಿಂದ ಯಾರೂ ಸಾಯುವುದಿಲ್ಲ ಯವ್ವಾ ಎಂದು ಸಮಾಧಾನ ಮಾಡಿದರೆ, ಮತ್ತೆ ಯಾವುದರಿಂದ ಸತ್ತಳು ಎಂದು ಕೇಳುತ್ತಿದ್ದರು. ಅದಕ್ಕೆ ಇದ್ದ ಉತ್ತರ ಅವರಿಗೆ ಇನ್ನೂ ಭಾರ.

ನನ್ನ ಜೊತೆ ಚಹಾ ಕುಡಿಯುವವರು ಕೇಳುವ ಸಿಟ್ಟು ಇದು. ಮಗು ಬದುಕಿತು, ತಾಯಿ ಕಾಪಾಡಿದಳು. ಅಕ್ಕ ಸತ್ತಳು, ಮನುಷ್ಯರು ತಪ್ಪು ಮಾಡಿದರು. ಎರಡರಲ್ಲೂ ಆ ಬೇವಿನ ತೊಪ್ಪಲನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಮುಂದಿನ ಸಲ ಯಾರ ಮನೆಯಲ್ಲಾದರೂ ಹೀಗಾದರೆ ಆ ಓಣಿಯವರು ಆಟೋ ತರಿಸುವುದಿಲ್ಲ. ಸಾಸಿವೆ ಡಬ್ಬಿಯನ್ನು ಇನ್ನಷ್ಟು ದೂರ ಇಡುತ್ತಾರೆ. ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಬರಿಗಾಲಿನಲ್ಲಿ ನಡೆದು ಕಾಲು ಒಡೆದುಕೊಂಡ ಮುದುಕಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಸಿಟ್ಟು ಹೋಗಲು ಜಾಗವಿಲ್ಲದೆ ಒಳಗೇ ತಿರುಗುತ್ತದೆ. ಒಂದಿಷ್ಟು ನನ್ನ ಕಡೆಗೂ ತಿರುಗುತ್ತದೆ.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗಳು ರಜೆಗೆ ನಮ್ಮ ಮನೆಗೆ ಬಂದಳು. ಈಗ ಹನ್ನೆರಡು. ಮೊದಲ ದಿನ ಊಟಕ್ಕೆ ಕೂತಾಗ ನನ್ನ ಹೆಂಡತಿ ಒಲೆಯ ಮೇಲೆ ಎಣ್ಣೆ ಇಟ್ಟು ಸಾಸಿವೆ ಹಾಕಿದಳು. ಸಿಡಿದ ಸಪ್ಪಳಕ್ಕೆ ಹುಡುಗಿ ತಟ್ಟೆ ಬಿಟ್ಟು ಎದ್ದು ಅಂಗಳಕ್ಕೆ ಹೋದಳು. ಹಿಂದೆ ಹೋಗಿ ಏನಾಯಿತವ್ವ ಎಂದೆ.

"ನಮ್ಮ ಮನ್ಯಾಗ ಹಾಕಂಗಿಲ್ಲ ಮಾಮಾ. ಅವ್ವ ಹೋದಾಗಿಂದ ಅಜ್ಜಿ ಹಾಕೇ ಇಲ್ಲ." ಮತ್ತೆ ಹೇಳಿದಳು: "ನಾ ಕೇಳಿದ್ದಕ್ಕ ಹಾಕಿದ್ಲಲ್ಲ. ನಾ ಸಪ್ಪನದು ಉಂಡಿದ್ರ ಅವ್ವ ಇರ್ತಿದ್ಳು."

ಐದು ವರ್ಷ ಅವಳು ಅದನ್ನು ಹೊತ್ತಿದ್ದಳು. ಯಾರೂ ಅವಳ ತಲೆಯ ಮೇಲೆ ಬೇಕೆಂದು ಹೊರಿಸಿರಲಿಲ್ಲ. ಅಜ್ಜಿ ತನ್ನ ಮೇಲೆ ಹಾಕಿಕೊಂಡದ್ದರಲ್ಲಿ ಅರ್ಧ ತಾನಾಗಿ ಅವಳ ಮೇಲೆ ಬಿದ್ದಿತ್ತು.

ಆಗ ಹೇಳಿದೆ. ಮೆಟ್ಟಿಲು, ಗಡಿಯಾರ, ಪಂಜೆಯ ಅಂಚು, ಮೂವತ್ತನಾಲ್ಕು. ನೀನು ಬೇಳೆ ಕೇಳಿದ್ದು ಸೋಮವಾರ, ಅವ್ವನ ಉಸಿರು ಭಾನುವಾರವೇ ಕೆಟ್ಟಿತ್ತು, ನಾನೇ ಎರಡು ಸಲ ಎಣಿಸಿದ್ದೇನೆ ಎಂದೆ. ಕಟ್ಟೆಯ ಮೇಲಿನ ಮಾತ್ರೆಯನ್ನೂ ಹೇಳಿದೆ. ಅವಳು ಬೆರಳಿನ ಮೇಲೆ ಭಾನುವಾರ, ಸೋಮವಾರ ಎಂದು ಎಣಿಸಿ ನೋಡಿದಳು. ಮತ್ತೊಮ್ಮೆ ಎಣಿಸಿದಳು.

"ಹಂಗಾರ ಮೊದಲಾ ಆಗಿತ್ತಾ?"

"ಮೊದಲಾ ಆಗಿತ್ತು."

ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಮತ್ತ ನಿನಗ ಗೊತ್ತಿತ್ತಲ್ಲ ಮಾಮಾ. ನೀ ದೇವರನ್ನ ನಂಬಂಗಿಲ್ಲ. ನೀ ಯಾಕ ಒಳಗ ಬರ್ಲಿಲ್ಲ?"

ನಾನು ಹೇಳಿದೆ, "ಬರಬೇಕಿತ್ತವ್ವ." ಅವಳು ಒಳಗೆ ಹೋಗಿ ತಟ್ಟೆಯ ಮುಂದೆ ಕೂತಳು. ಅನ್ನಕ್ಕೆ ಮೊಸರು ಮಾತ್ರ ಹಾಕಿಕೊಂಡು ಉಂಡಳು.

ಅವತ್ತು ನಾನು ಆ ಮೆಟ್ಟಿಲಿನ ಮೇಲೆ ನಿಂತದ್ದನ್ನು ಕಂಡವರಲ್ಲಿ ಬದುಕಿರುವವರು ನಾಲ್ವರು. ಅಕ್ಕನ ಗಂಡ, ಅದೇ ಅಂಗಡಿಯಲ್ಲಿ ಹೊಲಿಗೆ ಹಾಕುತ್ತಾರೆ. ಆ ಮಾತ್ರೆಯ ಪಟ್ಟಿಯನ್ನು ಕಟ್ಟೆಯಿಂದ ಯಾವಾಗ ತೆಗೆದರೋ ನಾನು ಕೇಳಿಲ್ಲ. ಎದುರು ಮನೆಯ ಹೆಂಗಸು, ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತ ನಮ್ಮ ಮಾತು ಕೇಳಿಸಿಕೊಂಡವಳು. ಅಕ್ಕನ ಅತ್ತೆ, ಈಗ ಕಣ್ಣು ಮಂದ, ಇಂದಿಗೂ ಸಪ್ಪನೆ ಬೇಳೆ ಮಾಡುತ್ತಾರೆ. ಮತ್ತೆ ಅಕ್ಕನ ಮಗಳು. ಅಂದು ಅಜ್ಜಿಯ ಸೀರೆಯ ಸೆರಗು ಹಿಡಿದು ಹೊಸ್ತಿಲಿನ ಆಚೆ ನಿಂತು ನನ್ನನ್ನೇ ನೋಡುತ್ತಿದ್ದಳು.