ಬೂಟು ಬಿಚ್ಚಿಸಿದ ಮೇಸ್ತ್ರಿಗಳು

ಮೋಟಾರು ದುರಸ್ತಿಯ ಕ್ಷೇತ್ರದಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲವರು ಅನೇಕರಿದ್ದಾರೆ. ಆದರೆ ಗಾಡಿಯ ರೋಗವನ್ನು ಅದನ್ನು ಓಡಿಸುವವರ ಕಾಲಿನಲ್ಲಿ ಹುಡುಕಿದವರು, ನಮ್ಮ ಆರೋಗ್ಯ ಇಲಾಖೆಯ ಕಾರ್ಯಾಗಾರದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಮಾನ್ಯ ಹಿರಿಯ ಮೇಸ್ತ್ರಿಗಳೊಬ್ಬರೇ. ಅವರನ್ನು ಎಲ್ಲರೂ ‘ಗುಡುಗು ಮೇಸ್ತ್ರಿ’ ಎಂದೇ ಕರೆಯುವುದು, ಎದುರಿಗೂ ಸಹ. ಹೀಗಿರುವಾಗ ಅವರ ಈ ಅಭಿನಂದನಾ ಸಂಪುಟದ ಮುನ್ನುಡಿಯಲ್ಲಿ ಸಮಿತಿಯ ಅಧ್ಯಕ್ಷರು ಅವರನ್ನು ‘ಶಾಂತಮೂರ್ತಿ, ಮಿತಭಾಷಿ, ಯಾರ ಮನಸ್ಸನ್ನೂ ನೋಯಿಸದವರು’ ಎಂದು ಕೊಂಡಾಡಿರುವುದನ್ನು ಕರಡಿನಲ್ಲಿ ಓದಿದಾಗ ಈ ಲೇಖಕಿಗೆ ಮೈಯೆಲ್ಲ ಉರಿದುಹೋಯಿತು. ಹೊಗಳಿಕೆಯೂ ಒಂದೊಂದು ಸಲ ಬೈಗುಳಕ್ಕಿಂತ ಹೆಚ್ಚು ಅನ್ಯಾಯ ಮಾಡುತ್ತದೆ.

ಈ ಲೇಖಕಿ ಕಾರ್ಯಾಗಾರದವಳಲ್ಲ. ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ, ಬಾಣಂತಿಯರನ್ನು ನೋಡಿ ಬರುವ ಸಂಚಾರಿ ದಾದಿ. ಮೇಸ್ತ್ರಿಗಳು ಬಿಡಿಭಾಗ ತೊಳೆಯುವ ಕೆಲಸಕ್ಕೆ ಸೇರಿ, ದುರಸ್ತಿಯಾದ ಗಾಡಿಗಳನ್ನು ಓಡಿಸಿ ನೋಡಿ ಹೊರಗೆ ಬಿಡುವ ಪರೀಕ್ಷಕರ ಹುದ್ದೆಗೆ ಏರಿದ್ದನ್ನು ಅವಳು ಕೇಳಿ ಬಲ್ಲಳು. ಬೆನ್ನು ನೋವೆಂದ ಆಂಬುಲೆನ್ಸ್ ಚಾಲಕನಿಗೆ ‘ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?’ ಎಂದು ಬೈಯುತ್ತಲೇ ಅವನ ಸೀಟಿನ ಸ್ಪ್ರಿಂಗನ್ನು ತಾವೇ ಕೂತು ಬದಲಿಸಿಕೊಟ್ಟವರು ಅವರು. ಅವರ ಕೋಪ ಸದಾ ಮೂಗಿನ ತುದಿಯಲ್ಲಿರುತ್ತಿತ್ತು, ನಿಜ. ಆದರೆ ಕೈ ಆ ಹೊತ್ತಿಗೆ ಕೆಲಸ ಶುರುಮಾಡಿರುತ್ತಿತ್ತು.

ಈ ಲೇಖಕಿಯ ಪಾಲಿಗೆ ಇಲಾಖೆ ಕೊಟ್ಟದ್ದು ಒಂದು ಹಳೆಯ ಮೋಟಾರ್‌ಸೈಕಲ್. ಅದುವರೆಗೆ ಅದನ್ನು ಓಡಿಸುತ್ತಿದ್ದವರು ಆರಡಿ ಎತ್ತರದ ಒಬ್ಬ ಹೆಲ್ತ್ ಇನ್‌ಸ್ಪೆಕ್ಟರು. ಮೊದಲ ವಾರವೇ ತಕರಾರು ಶುರುವಾಯಿತು. ಲಿವರಿನ ಅಡಿಗೆ ಪಾದದ ತುದಿ ಕೊಟ್ಟು ಎರಡನೇ ಗೇರಿನಿಂದ ಮೂರಕ್ಕೆ ಎತ್ತಿದರೆ ಗೇರು ಎಲ್ಲಿಯೂ ಕೂರದು. ಎಂಜಿನ್ನು ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಏರುದಾರಿಯಲ್ಲಿ ಹೀಗಾದಾಗ ಹಿಂದಿದ್ದ ಲಾರಿ ಗಕ್ಕನೆ ಬ್ರೇಕು ಹಾಕಿದ್ದರಿಂದ ಅವಳು ಉಳಿದಳು. ಕಾರ್ಯಾಗಾರಕ್ಕೆ ಒಯ್ದರೆ ಮೆಕ್ಯಾನಿಕ್ಕುಗಳು ಅಂಗಳದಲ್ಲಿ ಒಂದು ಸುತ್ತು ಹೊಡೆದು, ‘ಬೆಣ್ಣೆ ಇದ್ದಂಗಿದೆ ಸಿಸ್ಟರ್’ ಎಂದರು. ಮತ್ತೆ ಒಯ್ದಾಗ ಗೇರ್‌ಬಾಕ್ಸನ್ನೇ ಬಿಚ್ಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಒಳಗೆ ಎಲ್ಲವೂ ನೆಟ್ಟಗಿತ್ತು, ತೊಂದರೆ ಮಾತ್ರ ಹೋಗಲಿಲ್ಲ.

ಆಗಿನ ಮ್ಯಾನೇಜರು ನಗುತ್ತಾ ಅಂದರು: ‘ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ.’ ಅಲ್ಲಿದ್ದವರೆಲ್ಲ ನಕ್ಕರು. ಗಾಡಿ ಸರಿಯಿದೆ, ಚಾಲಕಿಗೆ ಗೇರು ಹಾಕಲು ಬರುವುದಿಲ್ಲವೆಂದು ವರದಿ ಹೋಗುವುದು, ಅವಳ ಸುತ್ತಾಟವನ್ನು ಬೇರೆಯವರಿಗೆ ಕೊಟ್ಟು ಅವಳನ್ನು ಆಸ್ಪತ್ರೆಯ ಬಟ್ಟೆ ಕೋಣೆಗೆ ಹಾಕುವುದು ಎಂದು ತೀರ್ಮಾನವಾಯಿತು. ಕಾಲಿನ ಹುಣ್ಣಿಗೆ ಅವಳ ಕೈಯಲ್ಲಲ್ಲದೆ ಬೇರೆ ಯಾರಿಂದಲೂ ಪಟ್ಟಿ ಕಟ್ಟಿಸಿಕೊಳ್ಳದ ಒಬ್ಬ ಮುದುಕ, ಮೊದಲ ಹೆರಿಗೆಯ ಭಯದಲ್ಲಿದ್ದ ಒಬ್ಬ ಹೆಂಗಸು ಅವಳ ದಾರಿ ಕಾಯುತ್ತಿದ್ದರು. ಅವಳೋ ತಲೆ ತಗ್ಗಿಸಿ ನಿಂತಿದ್ದಳು. ತನಗೇ ಓಡಿಸಲು ಬಾರದೇನೋ ಎಂಬ ಅನುಮಾನ ಆ ಹೊತ್ತಿಗೆ ಅವಳಿಗೂ ಹತ್ತಿತ್ತು.

ಆ ವರದಿಗೆ ಪರೀಕ್ಷಕರಾದ ಮೇಸ್ತ್ರಿಗಳ ಸಹಿಯೊಂದು ಬಾಕಿಯಿತ್ತು. ರಜೆ ಮುಗಿಸಿ ಅಂದೇ ಬಂದಿದ್ದ ಅವರು ಕ್ಲಚ್ ಕೇಬಲ್ಲಿನ ಸಡಿಲ ನೋಡಿದರು, ಚೈನು ಎಳೆದು ನೋಡಿದರು, ಎಣ್ಣೆ ನೋಡಿದರು. ಆಮೇಲೆ, ‘ಹತ್ತಿ ಕೂತ್ಕೋಮ್ಮಾ’ ಎಂದು ಅವಳನ್ನು ಸ್ಟ್ಯಾಂಡು ಹಾಕಿದ ಗಾಡಿಯ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಅವಳ ತೆಳು ಕ್ಯಾನ್ವಾಸ್ ಷೂವನ್ನು ದಿಟ್ಟಿಸಿದರು. ಎದ್ದು ತಮ್ಮ ದಪ್ಪ ಬೂಟು ಕಳಚಿ, ಉಗ್ರಾಣದವನ ಕ್ಯಾನ್ವಾಸ್ ಷೂ ಕೇಳಿ ಹಾಕಿಕೊಂಡು ಅಂಗಳ ಸುತ್ತಿದರು. ಮೇಸ್ತ್ರಿಗಳೂ ಕುಳ್ಳ ಆಳು, ಕಾಲು ಸಣ್ಣದು. ಎರಡರಿಂದ ಮೂರಕ್ಕೆ ಎತ್ತಿದಾಗ ಎಂಜಿನ್ನು ಅದೇ ರೀತಿ ಕಿರುಚಿತು.

ಅವರು ಗಾಡಿ ನಿಲ್ಲಿಸಿದ ಮೇಲೆ ಕೇಳಿದ ಗುಡುಗನ್ನು ಆ ತಗಡಿನ ಮಾಡು ಮರೆತಿರಲಾರದು.

‘ಬಿಚ್ರೋ ಬೂಟು, ಎಲ್ಲರೂ! ಹತ್ತಿ ಓಡಿಸಿ ಈಗ! ಆ ಎತ್ತರದ ಮನುಷ್ಯ ತನ್ನ ಬೂಟಿಗೆ ಸರಿಯಾಗಿ ಲಿವರ್ ಮೇಲೆ ಕೂರಿಸ್ಕೊಂಡಿದ್ದ. ನೀವೂ ಬೂಟು ಹಾಕ್ಕೊಂಡೇ ನೋಡಿದ್ರಿ, ಬೆಣ್ಣೆ ಅಂದ್ರಿ. ಈ ಹೆಣ್ಮಗಳ ಕಾಲು ಲಿವರ್ ಮುಟ್ಟೋವಷ್ಟರಲ್ಲೇ ಅರ್ಧ ಎತ್ತಿ ಆಗಿರುತ್ತೆ, ಪೂರ್ತಿ ಗೇರು ಎಲ್ಲಿಂದ ಬೀಳ್ಬೇಕು?’ ಮ್ಯಾನೇಜರ ಕಡೆ ತಿರುಗಿ, ‘ನೆಲ ಡೊಂಕೇ ಇದೆ ಸ್ವಾಮಿ. ಅವಳು ಸುಳ್ಳು ಹೇಳಿಲ್ಲ’ ಎಂದರು.

ಗೇರ್ ಲಿವರನ್ನು ಅದರ ಹಲ್ಲಿನ ಕಂಬಿಯಿಂದ ಕಳಚಿ, ಒಂದು ಹಲ್ಲು ಕೆಳಕ್ಕೆ ತಿರುಗಿಸಿ ಕೂಡಿಸಿ, ಬೋಲ್ಟು ಬಿಗಿದರು. ಅಷ್ಟೇ ದುರಸ್ತಿ. ಈ ಲೇಖಕಿ ಆ ಮಧ್ಯಾಹ್ನವೇ ಮುದುಕನ ಮನೆಗೆ ಹೋಗಿ ಪಟ್ಟಿ ಬದಲಿಸಿದಳು; ‘ಯಾಕಿಷ್ಟು ತಡ?’ ಎಂದು ಅವನ ಕೈಯಲ್ಲೂ ಬೈಸಿಕೊಂಡಳು.

ಮೇಸ್ತ್ರಿಗಳು ವರದಿಗೆ ಸಹಿ ಹಾಕಲಿಲ್ಲ. ‘ತಪ್ಪು ನಮ್ಮದು ಅಂತ ಬರೀರಿ, ಹಾಕ್ತೀನಿ’ ಎಂದರು. ಅದಕ್ಕೆ ಸಿಕ್ಕಿದ ಬಹುಮಾನವೆಂದರೆ, ಅವರನ್ನು ಪರೀಕ್ಷೆಯಿಂದ ತೆಗೆದು ಪಂಕ್ಚರು ಹಾಕುವ ಮೂಲೆಗೆ ತಳ್ಳಿದ್ದು, ಮುಖ್ಯ ಮೇಸ್ತ್ರಿಯ ಹುದ್ದೆಯನ್ನು ಅವರಿಗಿಂತ ಕಿರಿಯರಿಗೆ ಕೊಟ್ಟದ್ದು. ತಳ್ಳಿದ ಆ ಮ್ಯಾನೇಜರೇ ಇಂದು ಈ ಸಮಿತಿಯ ಅಧ್ಯಕ್ಷರು, ‘ಶಾಂತಮೂರ್ತಿ’ ಎಂದು ಬರೆದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನವಿದು. ಅವರು ಶಾಂತಮೂರ್ತಿಯಾಗಿದ್ದರೆ ಈ ಲೇಖಕಿ ಇಂದಿಗೂ ಹೊದಿಕೆ ಮಡಚುತ್ತಿದ್ದಳು. ಈ ಮಾತನ್ನು ಸಂಪಾದಕರು ತೆಗೆಯುವುದಾದರೆ ಇಡೀ ಲೇಖನವನ್ನೇ ತೆಗೆಯಲಿ.

ಪಂಕ್ಚರಿನ ಮೂಲೆಯಲ್ಲಿದ್ದೂ ಅವರು ಸುಮ್ಮನಿರಲಿಲ್ಲ. ಪರೀಕ್ಷೆಯ ಕಟ್ಟೆಯ ಮೇಲೆ ನಾನಾ ಅಳತೆಯ ಹಳೆಯ ಷೂಗಳ ಸಾಲೊಂದು ಹುಟ್ಟಿಕೊಂಡಿತು. ಗಾಡಿ ಯಾರದೋ ಅವರಂಥ ಪಾದರಕ್ಷೆ ಹಾಕಿಕೊಂಡೇ ಓಡಿಸಿ ನೋಡಬೇಕು, ಇಲ್ಲವಾದರೆ ಮೂಲೆಯಿಂದ ಗುಡುಗು. ಆ ಸಾಲಿನಲ್ಲಿ ಈ ಲೇಖಕಿಯ ಸವೆದ ಷೂಗಳೂ ಇವೆ.

ಮೊನ್ನೆ ಅವಳು ಗಾಡಿ ಒಯ್ದಾಗ ಹೊಸ ಮೆಕ್ಯಾನಿಕ್ಕೊಬ್ಬರು ಬೂಟುಗಾಲಲ್ಲೇ ಒಂದು ಸುತ್ತು ಹೊಡೆದು, ‘ಏನೂ ತೊಂದ್ರೆ ಇಲ್ಲ ಸಿಸ್ಟರ್, ನೀವೇ ಸರಿಯಾಗಿ ಹಾಕ್ತಿಲ್ಲ’ ಎಂದರು. ಅವಳು ಅಭ್ಯಾಸಬಲದಿಂದ ಮೂಲೆಯ ಕಡೆ ನೋಡಿದಳು. ಮೇಸ್ತ್ರಿಗಳು ಟ್ಯೂಬು ನೀರಿಗದ್ದಿ ತಲೆ ಬಗ್ಗಿಸಿಯೇ ಇದ್ದರು. ಮುಂದಿನ ತಿಂಗಳಿನಿಂದ ಆ ಮೂಲೆಯಲ್ಲಿ ಯಾರೂ ಇರುವುದಿಲ್ಲವೆಂಬುದು ಅವಳಿಗೆ ಆಗ ತಟ್ಟಿತು.

‘ಬೂಟು ಬಿಚ್ಚಿ’ ಎಂದಳು.

‘ಕೇಳಿಸ್ಲಿಲ್ಲಮ್ಮಾ,’ ಎಂದರು ಮೇಸ್ತ್ರಿಗಳು ಕೂತಲ್ಲಿಂದಲೇ. ‘ಇನ್ನೂ ಜೋರಾಗಿ.’

ಅವಳು ಕೂಗಿದಳು. ಮೆಕ್ಯಾನಿಕ್ಕು ಬೂಟಿನ ದಾರಕ್ಕೆ ಕೈ ಹಾಕಿದರು.

ಪೂಜ್ಯ ಮೇಸ್ತ್ರಿಗಳು ನೂರ್ಕಾಲ ಬಾಳಲಿ, ಕಾರ್ಯಾಗಾರದ ಅಂಗಳಕ್ಕೆ ಆಗಾಗ ಬಂದು ಎಲ್ಲರನ್ನೂ ಬೈಯುತ್ತಿರಲಿ. ಅವರ ಗಂಟಲು ಅವರಿಗಿಂತ ಒಂದು ದಿನವೂ ಮೊದಲು ನಿವೃತ್ತವಾಗದಿರಲಿ.